ಉಪ್ಪು ನೀರು, ಹಾವಸೆ ಮತ್ತು ಕರೆಯದೇ ಬಂದವರು

ಚಡಚಣದ ಕಡೆಯವನೊಬ್ಬ ಮನೆಯೊಳಗೆ ಸಮುದ್ರ ಇಟ್ಟುಕೊಂಡಿದ್ದಾನೆ ಅಂದರೆ ನಮ್ಮೂರಲ್ಲಿ ಯಾರೂ ನಂಬಲ್ಲ. ನಮ್ಮಲ್ಲಿಂದ ಯಾವ ದಿಕ್ಕಿಗೆ ಬಸ್ಸು ಹತ್ತಿದರೂ ಸಮುದ್ರ ಕಾಣೋಕೆ ಒಂದು ದಿನ ಬೇಕು. ನಾನು ಮೊದಲ ಸಲ ನೋಡಿದ್ದೇ ಬಿಇ ಮೂರನೇ ವರ್ಷದಲ್ಲಿ, ಇಂಡಸ್ಟ್ರಿಯಲ್ ಟೂರ್ ಅನ್ನೋ ಹೆಸರಲ್ಲಿ ಗೋವಾಕ್ಕೆ ಹೋದಾಗ. ನಮಗೆ ನೀರು ಅಂದರೆ ಭೀಮಾ ನದಿ, ಬಾವಿ, ಬೋರು, ಬೇಸಿಗೆ ಬಂದರೆ ಟ್ಯಾಂಕರು. ಅಷ್ಟೇ.

ಈಗ ಪುಣೆಯ ವಾಕಡ್‌ನಲ್ಲಿ, ಏಳನೇ ಮಹಡಿಯ ಬಾಡಿಗೆ ಫ್ಲ್ಯಾಟಿನಲ್ಲಿ, ಟಿವಿ ಇರಬೇಕಾದ ಜಾಗದಲ್ಲಿ 120 ಲೀಟರಿನ ಗಾಜಿನ ಟ್ಯಾಂಕು ಇದೆ. ಅದರಲ್ಲಿ ಎರಡು ಕ್ಲೌನ್ ಮೀನು, ಒಂದಷ್ಟು ಬಸವನಹುಳು, ಒಂದು ಸೀಗಡಿ. ಸಮುದ್ರದ ನೀರೆಂದರೆ ಲೀಟರಿಗೆ 35 ಗ್ರಾಂ ಉಪ್ಪು. ಅಂದರೆ ನನ್ನ ಡಬ್ಬಿಗೆ ನಾಲ್ಕು ಕಿಲೋ ಚಿಲ್ಲರೆ ಉಪ್ಪು ಬೇಕು. ಅಡುಗೆ ಉಪ್ಪು ನಡೆಯಲ್ಲ. ಮೆಗ್ನೀಸಿಯಮ್, ಕ್ಯಾಲ್ಸಿಯಮ್ ಎಲ್ಲ ಸರಿಯಾದ ಪ್ರಮಾಣದಲ್ಲಿರೋ ಉಪ್ಪು, ದುಡ್ಡು ಕೊಟ್ಟು ತರಬೇಕು. ಅದನ್ನು ನಲ್ಲಿ ನೀರಿಗೆ ಹಾಕುವಂತಿಲ್ಲ, ಮೊದಲು ಆರ್‌ಓ ಫಿಲ್ಟರಿನಲ್ಲಿ ನೀರಿನೊಳಗಿರೋ ಬಹುತೇಕ ಲವಣ ತೆಗೆದು, ಆಮೇಲೆ ಈ ಉಪ್ಪು ಬೆರೆಸಬೇಕು.

ಟ್ಯಾಂಕಿಗೆ ಒಂದು ತಿಂಗಳು ತುಂಬಿದಾಗ ಅಪ್ಪ ಕಣ್ಣಿನ ಪೊರೆ ಆಪರೇಷನ್‌ಗೆ ಅಂತ ಪುಣೆಗೆ ಬಂದ. ಒಂದು ಕಣ್ಣಾಗಿ ಇನ್ನೊಂದು ಆಗೋವರೆಗೆ ಎರಡು ತಿಂಗಳು ಇದ್ದ. ಹೊಲವಿಲ್ಲ, ದನವಿಲ್ಲ, ಟಿವಿ ನೋಡಬೇಡ ಅಂತ ಡಾಕ್ಟರು ಹೇಳಿದ್ದಾರೆ. ಹೀಗಾಗಿ ಕಪ್ಪು ಕನ್ನಡಕ ಹಾಕಿಕೊಂಡು ಟ್ಯಾಂಕಿನ ಮುಂದೆ ಕುರ್ಚಿ ಎಳೆದುಕೊಂಡು ಕೂಡೋದೇ ಅವನ ಕೆಲಸ. ನಾನು ಉಪ್ಪು ಬೆರೆಸೋದನ್ನ ಮೊದಲ ಸಲ ನೋಡಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದ:

"ಅಲ್ಲೋ ತಮ್ಮಾ, ನಾವು ಅಲ್ಲಿ ಉಪ್ಪು ತಗೀಲಾಕ ಹೆಣಗ್ಯಾಡ್ಲಾಕತ್ತೀವಿ. ನೀ ಇಲ್ಲಿ ರೊಕ್ಕ ಕೊಟ್ಟು ಹಾಕ್ಲಾಕತ್ತಿ?"

ಅವನು ಹೇಳಿದ್ದು ನಮ್ಮ ಕೆಳಗಿನ ಹೊಲದ ಮಾತು. ಎರಡು ಎಕರೆ ಎರೆ ಭೂಮಿ. ನದಿಗೆ ಮೋಟಾರು ಕೂರಿಸಿದ ಮೇಲೆ ಕಬ್ಬು ಹಚ್ಚಿದರು. ಎರೆ ಮಣ್ಣು ನೀರು ಹಿಡಿಯುತ್ತೆ, ಬಿಡಲ್ಲ. ವರ್ಷಾನುಗಟ್ಟಲೆ ನೀರು ಹಾಯಿಸಿದರೆ ಅಡಿಯಲ್ಲಿ ನೀರಿನ ಮಟ್ಟ ಮೇಲೇರುತ್ತೆ, ಜೊತೆಗೆ ಮಣ್ಣಿನೊಳಗಿನ ಲವಣವೂ ಕರಗಿ ಏರುತ್ತೆ. ಬಿಸಿಲಿಗೆ ನೀರು ಆರಿ ಹೋಗುತ್ತೆ, ಉಪ್ಪು ಅಲ್ಲೇ ಉಳಿಯುತ್ತೆ. ನಮ್ಮ ಕಡೆ ಇದಕ್ಕೆ ಸವಳು ಅಂತಾರೆ. ಫೆಬ್ರವರಿಯಲ್ಲಿ ನೋಡಿದರೆ ಹೊಲದ ಮೇಲೆ ಯಾರೋ ಸುಣ್ಣ ಚೆಲ್ಲಿದಂತೆ ಬೆಳ್ಳಗೆ. ಜೋಳದ ಬೀಜ ಹಾಕಿದರೆ ಅರ್ಧ ಹುಟ್ಟಲ್ಲ, ಹುಟ್ಟಿದ್ದು ಮೊಣಕಾಲೆತ್ತರಕ್ಕೆ ಬಂದು ನಿಲ್ಲುತ್ತೆ.

ನನ್ನ ಹತ್ತಿರ ಉತ್ತರ ಇರಲಿಲ್ಲ. "ಹವ್ಯಾಸ ಅಪ್ಪಾ" ಅಂದೆ. "ಆಗಲಿ ಬಿಡು" ಅಂದ.

ಟ್ಯಾಂಕಿನಲ್ಲಿ ಮೀನು ಬಿಡೋದು ಕೊನೆಯ ಕೆಲಸ. ಮೊದಲು ಸಾಕಬೇಕಾದ್ದು ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾ. ಕೊಳೆತ ಆಹಾರದಿಂದ, ಮೀನಿನ ಹೇಲಿನಿಂದ ಅಮೋನಿಯಾ ಹುಟ್ಟುತ್ತೆ, ಅದು ಮೀನಿಗೆ ವಿಷ. ಒಂದು ಜಾತಿಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತೆ, ಅದೂ ವಿಷ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತೆ, ಅದನ್ನು ಮೀನು ಸ್ವಲ್ಪ ಮಟ್ಟಿಗೆ ತಾಳಿಕೊಳ್ಳುತ್ತೆ. ಈ ಎರಡೂ ಕಲ್ಲಿನ ಸಂದುಗಳಲ್ಲಿ ನೆಲೆ ಊರೋಕೆ ನಾಲ್ಕರಿಂದ ಆರು ವಾರ ಬೇಕು. ಅಷ್ಟು ದಿನ ಟ್ಯಾಂಕೆಂದರೆ ಬರೀ ಕಲ್ಲು, ಮರಳು, ನೀರು. ನನ್ನ ಹೆಂಡತಿ ಬಂದವರಿಗೆಲ್ಲ "ಇದು ನಮ್ಮ ಕಲ್ಲಿನ ಟ್ಯಾಂಕು" ಅಂತ ಪರಿಚಯ ಮಾಡಿಕೊಡ್ತಿದ್ದಳು.

ಕಲ್ಲಿನ ಬಗ್ಗೆಯೂ ಒಂದು ಮಾತು. ಹೊರದೇಶಗಳಲ್ಲಿ ಈ ಹವ್ಯಾಸದವರು ಹವಳದ ದಿಬ್ಬದಿಂದ ತೆಗೆದ ಜೀವಂತ ಕಲ್ಲು ಹಾಕುತ್ತಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. 2001ರಲ್ಲಿ ಗಟ್ಟಿ ಹವಳಗಳನ್ನು ಅದರ ಮೊದಲನೇ ಶೆಡ್ಯೂಲಿಗೆ ಸೇರಿಸಿದರು, ಅಂದರೆ ಹುಲಿ ಇರುವ ಪಟ್ಟಿಗೆ. ಅದಕ್ಕೇ ನನ್ನ ಟ್ಯಾಂಕಿನಲ್ಲಿ ಹವಳ ಇಲ್ಲ, ಇರೋದು ಕಾರ್ಖಾನೆಯಲ್ಲಿ ಮಾಡಿದ ಕಲ್ಲು. ಜೊತೆಗೆ ಬ್ಯಾಕ್ಟೀರಿಯಾ ಬೇಗ ಹಬ್ಬಲಿ ಅಂತ ಗೆಳೆಯನೊಬ್ಬ ಅವನ ಐದು ವರ್ಷದ ಟ್ಯಾಂಕಿನಿಂದ ಅಂಥದ್ದೇ ಎರಡು ಕಲ್ಲು ಕೊಟ್ಟ. ಮೊಸರಿಗೆ ಹೆಪ್ಪು ಹಾಕಿದಂತೆ. ಆ ಎರಡು ಕಲ್ಲಿನ ಜೊತೆ ಯಾರ್‍ಯಾರು ಬಂದರು ಅನ್ನೋದು ಮುಂದೆ.

ಮೊದಲು ಹಾವಸೆ. ಪಾಚಿ ಅನ್ನಿ, ನಮ್ಮ ಕಡೆ ಹಾವಸೆ.

ಐದನೇ ವಾರಕ್ಕೆ ಬಿಳಿ ಮರಳಿನ ಮೇಲೆ ಕಂದು ಬಣ್ಣದ ಧೂಳು ಕೂತಿತು. ಬೆರಳಿನಲ್ಲಿ ಉಜ್ಜಿದರೆ ಹೋಗುತ್ತೆ, ಮರುದಿನ ಮತ್ತೆ ಹಾಜರು. ಇದು ಡಯಾಟಮ್. ಇದರ ಚಿಪ್ಪು ಗಾಜಿನ ಜಾತಿಯದು, ಸಿಲಿಕಾದ್ದು. ಹೊಸ ಮರಳು, ಹೊಸ ಕಲ್ಲಿನಿಂದ ಸಿಲಿಕೇಟ್ ಬಿಡುತ್ತಾ ಇರೋವರೆಗೆ ಇದಕ್ಕೆ ಊಟ. ಅದು ಮುಗಿದ ದಿನ ತಾನಾಗೇ ಹೋಗುತ್ತೆ. ಮೂರು ವಾರದಲ್ಲಿ ಹೋಯಿತು.

ಆಮೇಲೆ ಬಂದದ್ದು ಕೆಂಪು ಲೋಳೆ. ಮರಳಿನ ಮೇಲೆ ಕೆಂಪು ವೆಲ್ವೆಟ್ ಹಾಸಿದಂತೆ, ಹಗಲು ಲೈಟು ಹತ್ತಿದರೆ ಅದರ ಮೇಲೆಲ್ಲ ಸಣ್ಣ ಸಣ್ಣ ಗುಳ್ಳೆ. ಇದನ್ನು ಎಲ್ಲರೂ ಪಾಚಿ ಅಂತಾರೆ, ಅಸಲಿಗೆ ಇದು ಸಯನೋಬ್ಯಾಕ್ಟೀರಿಯಾ. ಸುಮಾರು 240 ಕೋಟಿ ವರ್ಷಗಳ ಹಿಂದೆ ಈ ಭೂಮಿಯ ಗಾಳಿಯಲ್ಲಿ ಆಮ್ಲಜನಕ ತುಂಬಲು ಶುರು ಮಾಡಿದ ಕುಲ ಇದೇ. ನನ್ನ ಹಾಲ್‌ನಲ್ಲಿ ಕೂತು ಬಿಡುತ್ತಿದ್ದ ಗುಳ್ಳೆಯೂ ಅದೇ ಆಮ್ಲಜನಕ. ಇಷ್ಟು ದೊಡ್ಡ ಮನೆತನದ್ದು ಅಂತ ಗೊತ್ತಾದ ಮೇಲೂ ನೋಡೋಕೆ ಹೇಸಿಗೆಯೇ.

ಮೂರನೆಯದು ಹಸಿರು ಕೂದಲು. ಕಲ್ಲಿನ ಮೇಲೆ ಒಂದಿಂಚು ಉದ್ದದ ಎಳೆ, ಪಂಪಿನ ಅಲೆಗೆ ತೂಗಾಡುತ್ತೆ. ಈ ಹೊತ್ತಿಗೆ ಹೊಸಬರು ಸಾಮಾನ್ಯವಾಗಿ ಅಂಗಡಿಗೆ ಓಡುತ್ತಾರೆ. ಪಾಚಿ ಕೊಲ್ಲೋ ಔಷಧಿ ಬಾಟಲಿಯಲ್ಲಿ ಸಿಗುತ್ತೆ. ಕೈಯಲ್ಲಿ ಫೋನ್ ಹಿಡಿದು ಆರ್ಡರ್ ಮಾಡಲೋ ಬೇಡವೋ ಅಂತ ಕೂತಿದ್ದೆ. ಅಪ್ಪ ಕೇಳಿದ, "ಇದಕ್ಕ ಏನ್ ತಿನ್ನಸ್ಲಾಕತ್ತಿ?"

"ಹಾವಸೆಗೆ ನಾನೇನೂ ಹಾಕಲ್ಲ ಅಪ್ಪಾ, ಮೀನಿಗೆ ಹಾಕ್ತೀನಿ."

"ಮೀನಿಗೆ ಹಾಕಿದ್ದೇ ಇದಕ್ಕ ಹೊಂಟದ. ಹೊಲಕ್ಕ ಯೂರಿಯಾ ಒಗದ್ರ ಜ್ವಾಳಕ್ಕಿಂತ ಮದ್ಲ ಕಸಾ ಏಳ್ತದ ನೋಡು, ಹಂಗ."

ಇದರಲ್ಲಿ ಪವಾಡದ ಜಾಣತನವೇನೂ ಇಲ್ಲ, ನಲವತ್ತು ವರ್ಷ ಕಸ ತೆಗೆದವನ ಮಾತು ಅಷ್ಟೇ. ಆದರೆ ವಿಜ್ಞಾನವೂ ಇದನ್ನೇ ಹೇಳುತ್ತೆ. ಮುಚ್ಚಿದ ಡಬ್ಬಿಗೆ ಮೀನಿನ ಕಾಳಿನ ರೂಪದಲ್ಲಿ ಸಾರಜನಕ, ರಂಜಕ ಎರಡೂ ದಿನಾ ಒಳಗೆ ಹೋಗುತ್ತವೆ. ಅವು ಮಾಯವಾಗಲ್ಲ. ಒಂದೋ ಮೀನಿನ ಮೈಯಾಗುತ್ತವೆ, ಇಲ್ಲವೇ ನೀರಿನಲ್ಲಿ ನೈಟ್ರೇಟು, ಫಾಸ್ಫೇಟು ಆಗಿ ಉಳಿಯುತ್ತವೆ. ಅದನ್ನು ಹಾವಸೆ ಎತ್ತಿಕೊಳ್ಳುತ್ತೆ. ಔಷಧಿ ಹಾಕಿ ಹಾವಸೆ ಕೊಂದರೆ ಅದು ಅಲ್ಲೇ ಕೊಳೆಯುತ್ತೆ, ತಿಂದದ್ದನ್ನೆಲ್ಲ ವಾಪಸ್ ನೀರಿಗೆ ಬಿಡುತ್ತೆ. ಮುಂದಿನ ಬೆಳೆಗೆ ಗೊಬ್ಬರ ರೆಡಿ. ನಮ್ಮ ಆಫೀಸಿನಲ್ಲಿ ಎರರ್ ಬರುತ್ತೆ ಅಂತ ಎರರ್ ಮೆಸೇಜನ್ನೇ ಡಿಲೀಟ್ ಮಾಡೋ ಹುಡುಗರಿದ್ದಾರೆ, ಅದೇ ಕಥೆ.

ಬಾಟಲಿ ಆರ್ಡರ್ ಮಾಡಲಿಲ್ಲ. ಕಾಳು ಹಾಕೋದು ದಿನಕ್ಕೆರಡು ಸಲ ಇದ್ದದ್ದು ಒಂದು ಸಲಕ್ಕೆ ಬಂತು, ಎರಡು ನಿಮಿಷದಲ್ಲಿ ಮೀನು ಮುಗಿಸುವಷ್ಟು. ಲೈಟು ಹನ್ನೆರಡು ಗಂಟೆಯಿಂದ ಏಳು ಗಂಟೆಗೆ ಇಳಿಯಿತು. ಕೂದಲನ್ನು ಕೈಯಿಂದಲೇ ಕಿತ್ತು ಹೊರಗೆ ತೆಗೆದೆ. ಟರ್ಬೋ ಬಸವನಹುಳು ನಾಲ್ಕು ತಂದು ಬಿಟ್ಟೆ. ವಾರಕ್ಕೊಮ್ಮೆ ನೂರಕ್ಕೆ ಹತ್ತರಷ್ಟು ನೀರು ಬದಲು. ಇಷ್ಟೇ ಔಷಧಿ.

ಇನ್ನು ಕರೆಯದೇ ಬಂದವರು. ಈ ಹವ್ಯಾಸದವರು ಇವರಿಗೆ ಹಿಚ್‌ಹೈಕರ್ ಅಂತಾರೆ. ಕಲ್ಲಿನ ಸಂದಿಯಲ್ಲಿ, ಬಸವನಹುಳದ ಚಿಪ್ಪಿನ ಬೆನ್ನ ಮೇಲೆ, ಟಿಕೆಟ್ ಇಲ್ಲದೆ ಬರೋರು. ಹಗಲು ಕಾಣಲ್ಲ. ರಾತ್ರಿ ಲೈಟು ಆರಿ ಎರಡು ಗಂಟೆಯಾದ ಮೇಲೆ ಟಾರ್ಚಿಗೆ ಕೆಂಪು ಹಾಳೆ ಕಟ್ಟಿಕೊಂಡು ನೋಡಬೇಕು, ಕೆಂಪು ಬೆಳಕಿಗೆ ಅವು ಅಷ್ಟಾಗಿ ಬೆದರಲ್ಲ. ನಾನೂ ಅಪ್ಪನೂ ಹೀಗೆ ಕೂತ ಮೊದಲ ರಾತ್ರಿ ಗಾಜಿನ ಮೇಲೆ ಎಳ್ಳಿನ ಚೂರಿನಷ್ಟು ಬಿಳಿ ಜೀವಿಗಳು ನೂರಾರು ಓಡಾಡುತ್ತಿದ್ದವು. ಕೋಪೆಪಾಡ್. ಆಮೇಲೆ ಕಲ್ಲಿನ ಕೆಳಗಿಂದ ಬೆರಳುದ್ದದ ಒಂದು ಹುಳು ಹೊರಬಂತು, ಎರಡೂ ಮಗ್ಗುಲಿಗೆ ಬಿಳಿ ಮುಳ್ಳುಗೂದಲು, ನಮ್ಮ ಕಂಬಳಿಹುಳದ ಹಾಗೆ. ಬ್ರಿಸಲ್ ವರ್ಮ್. ನೋಡಿದರೆ ಮೈ ಜುಮ್ ಅನ್ನುತ್ತೆ. ಹೆಂಡತಿ ಅವತ್ತೇ ಹೇಳಿದಳು, ಆ ಕಲ್ಲನ್ನು ಕುದಿಯೋ ನೀರಿಗೆ ಹಾಕು ಅಂತ.

ಓದುವವರಲ್ಲಿ ಯಾರಾದರೂ ಟ್ಯಾಂಕು ಇಡೋರಿದ್ದರೆ ದಯವಿಟ್ಟು ಇದನ್ನು ನೆನಪಿಡಿ: ಜೀವ ಇರೋ ಕಲ್ಲನ್ನು ಮನೆಯಲ್ಲಿ ಕುದಿಸಬಾರದು. ಕೆಲವು ಜೊಆಂಥಿಡ್ ಜೀವಿಗಳಲ್ಲಿ ಪಾಲಿಟಾಕ್ಸಿನ್ ಅನ್ನೋ ಭಯಂಕರ ವಿಷ ಇರುತ್ತೆ. ಹಾಗೆ ಕುದಿಸಿ, ಹಬೆ ಕುಡಿದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ.

ಅಲ್ಲದೆ ಆ ಹುಳುವನ್ನು ಕೊಲ್ಲೋಕೆ ಕಾರಣವೂ ಇರಲಿಲ್ಲ. ಕೈಗೆ ಮುಳ್ಳು ಚುಚ್ಚಿದರೆ ಉರಿಯುತ್ತೆ, ನಿಜ. ಆದರೆ ಅದು ತಿನ್ನೋದು ಮೀನು ಬಿಟ್ಟ ಕಾಳು, ಸತ್ತ ಬಸವನಹುಳು, ಮರಳಿನೊಳಗಿನ ಕೊಳೆ. ಹಾವಸೆಗೆ ಹೋಗಬೇಕಾದ ಊಟವನ್ನು ಮೊದಲೇ ತಿಂದು ಮುಗಿಸೋ ಆಳು. ಊಟ ಹೆಚ್ಚಾದರೆ ಹುಳು ಹೆಚ್ಚಾಗುತ್ತೆ, ಕಮ್ಮಿಯಾದರೆ ಕಮ್ಮಿ. ಅವ್ವನಿಗೆ ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ್ದೂ ಅದನ್ನೇ: "ಅದು ಏನ್ ತಿಂತದ?"

ಅವ್ವ ಕಸ ತೆಗೆಯೋದನ್ನು ನೀವು ನೋಡಬೇಕು. ಕುರ್ಚಿಗಿ ಹಿಡಿದು ಸಾಲಿನಲ್ಲಿ ಕೂತಳು ಅಂದರೆ ಎರಡು ಗುಂಪು ಮಾಡ್ತಾಳೆ. ಹತ್ತರಕಿ, ಗೋಳಿ ಪಲ್ಯ, ಕಿರಕಸಾಲಿ ಎಲ್ಲ ಉಡಿಗೆ. ಉಳಿದದ್ದು ಬದುವಿಗೆ. ಬಿತ್ತದೇ ಬಂದದ್ದು ಎರಡೂ. ಆದರೆ ಸಂಜೆ ರೊಟ್ಟಿಯ ಜೊತೆ ತಿನ್ನೋದು ಯಾವುದು, ಎಸೆಯೋದು ಯಾವುದು ಅಂತ ಕೈಗೆ ಗೊತ್ತು. ಒಂದಕ್ಕೆ ಮಾತ್ರ ಅವಳು ಕರುಣೆ ತೋರಿಸಲ್ಲ, ಕಾಂಗ್ರೆಸ್ ಕಸ. ಹೂ ಬಿಡೋ ಮೊದಲೇ ಬೇರು ಸಮೇತ ಕೀಳ್ತಾಳೆ, ಬರಿಗೈಯಲ್ಲಿ ಮುಟ್ಟಲ್ಲ.

ಕಾಂಗ್ರೆಸ್ ಕಸ ಅಂದರೆ ಪಾರ್ಥೇನಿಯಮ್, ನಮ್ಮ ದೇಶದ ಹಿಚ್‌ಹೈಕರುಗಳಲ್ಲೇ ಹೆಸರುವಾಸಿ. ಮೂಲ ಅಮೆರಿಕ ಖಂಡ. ಭಾರತದಲ್ಲಿ ಇದರ ಹಾವಳಿಯನ್ನು ಮೊದಲು ಗುರುತಿಸಿದ್ದು 1955ರ ಸುಮಾರಿಗೆ, ಇದೇ ಪುಣೆಯಲ್ಲಿ. ಆಮದು ಗೋಧಿಯ ಜೊತೆ ಬೀಜ ಬಂತು ಅನ್ನೋದು ಬಳಕೆಯಲ್ಲಿರೋ ಮಾತು. ಅಲ್ಲಿಂದ ರಸ್ತೆ, ರೈಲು ಹಿಡಿದು ಎಲ್ಲ ಕಡೆ ಹಬ್ಬಿತು. ಅದನ್ನು ತಿನ್ನಲಿ ಅಂತ ಮೆಕ್ಸಿಕೋದಿಂದ ಒಂದು ಜೀರುಂಡೆ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟರು. ಅದು ಮಳೆಗಾಲದಲ್ಲಿ ಎಲೆ ತಿನ್ನುತ್ತೆ, ಕಸ ಮಾತ್ರ ಇನ್ನೂ ಇದೆ.

ನನ್ನ ಟ್ಯಾಂಕಿನ ಕಾಂಗ್ರೆಸ್ ಕಸದ ಹೆಸರು ಐಪ್ಟೇಸಿಯಾ. ಗಾಜಿನ ಹೂವಿನ ಹಾಗೆ ಚೆಂದ, ಒಂದಿಂಚಿನ ಸಮುದ್ರ ಹೂ. ಕುಟುಕುತ್ತೆ. ಕಿತ್ತು ತೆಗೆಯೋಕೆ ಹೋದರೆ ಬುಡದ ಚೂರು ಕಲ್ಲಿನಲ್ಲಿ ಉಳಿದು, ಒಂದೊಂದು ಚೂರೂ ಹೊಸದಾಗಿ ಚಿಗುರುತ್ತೆ. ಇದನ್ನು ಸುಮ್ಮನೆ ಬಿಡುವಂತಿಲ್ಲ. ಎರಡು ಇದ್ದವು. ಸಿರಿಂಜಿನಲ್ಲಿ ದಪ್ಪ ಸುಣ್ಣದ ಲೇಪ ತುಂಬಿ ನೇರ ಬಾಯಿಗೆ ಬಿಟ್ಟೆ. ಮತ್ತೆ ಎದ್ದರೆ ತಿನ್ನಲಿ ಅಂತ ಪೆಪ್ಪರ್‌ಮಿಂಟ್ ಸೀಗಡಿ ತಂದೆ. ಬಂದವರಲ್ಲಿ ಕೊಲ್ಲಬೇಕಾಗಿ ಬಂದದ್ದು ಇದೊಂದನ್ನೇ. ಕೋಪೆಪಾಡ್, ಹುಳು, ಉಗುರಿನಷ್ಟು ಸಣ್ಣ ನಕ್ಷತ್ರಮೀನು, ಎಲ್ಲ ಇವತ್ತಿಗೂ ಇದ್ದಾರೆ, ಬಾಡಿಗೆ ಬದಲು ಕೆಲಸ ಮಾಡಿಕೊಂಡು.

ಒಂದು ಭಾನುವಾರ ನೀರು ಬದಲಿಸಿ ಹಳೇ ನೀರಿನ ಬಕೀಟನ್ನು ಬಾತ್‌ರೂಮಿಗೆ ಒಯ್ಯುತ್ತಿದ್ದೆ. ಅಪ್ಪ ಕೇಳಿದ, "ಆ ನೀರು ಎಲ್ಲಿಗೆ ಹೋಗ್ತದ?"

"ಗಟಾರಕ್ಕ."

"ಗಟಾರ ಎಲ್ಲಿಗೆ ಹೋಗ್ತದ?"

ಫೋನಿನಲ್ಲಿ ಮ್ಯಾಪ್ ತೆಗೆದು ತೋರಿಸಿದೆ. ವಾಕಡ್ ಮಗ್ಗುಲಿಗೇ ಮುಳಾ ನದಿ. ದಾಪೋಡಿಯ ಹತ್ತಿರ ಪವನಾ ಬಂದು ಸೇರುತ್ತೆ. ಊರೊಳಗೆ ಮುಠಾ ಸೇರಿ ಮುಳಾ-ಮುಠಾ ಆಗಿ, ದೌಂಡ್ ಕಡೆ ಹೋಗಿ ಭೀಮೆಗೆ ಬೀಳುತ್ತೆ. ಆಳಂದಿಯಿಂದ ಬರೋ ಇಂದ್ರಾಯಣಿ ಅದಕ್ಕೂ ಮೊದಲೇ ತುಳಾಪುರದಲ್ಲಿ ಭೀಮೆಗೆ ಸೇರಿರುತ್ತೆ. ಮುಂದೆ ಉಜನಿ ಡ್ಯಾಮು, 1980ರಲ್ಲಿ ಮುಗಿದದ್ದು, ಸುಮಾರು 117 ಟಿಎಂಸಿ. ಅಲ್ಲಿಂದ ಪಂಢರಪುರದಲ್ಲಿ ಚಂದ್ರಭಾಗಾ ಅನ್ನಿಸಿಕೊಂಡು, ಮುಂದೆ ಗಡಿಗೆ ಬಂದು... ಅಪ್ಪ ನನ್ನ ಬೆರಳನ್ನು ಅಲ್ಲೇ ತಡೆದ. "ಇದು ನಮ್ಮ ಬಾಂದಾರ ಅಲ್ಲೇನು?"

ಹೌದು. ನಮ್ಮ ಬಾಂದಾರವೇ.

ಇದರಲ್ಲಿ ಗುಟ್ಟೇನಿಲ್ಲ, ಶಾಲೆಯ ಭೂಪಟದಲ್ಲೇ ಇದೆ. ಆದರೆ ಹತ್ತು ವರ್ಷದಿಂದ ಈ ನದಿಯ ಮೇಲ್ತುದಿಯಲ್ಲಿ ನಾನು, ಕೆಳಗೆ ಅಪ್ಪ-ಅವ್ವ, ನಡುವೆ ಒಂದೇ ನೀರು ಅನ್ನೋದನ್ನು ನಾವಿಬ್ಬರೂ ಒಂದೇ ಸ್ಕ್ರೀನಿನ ಮೇಲೆ ನೋಡಿದ್ದು ಅವತ್ತೇ. ಪುಣೆ, ಪಿಂಪ್ರಿ-ಚಿಂಚವಾಡದ ಚರಂಡಿ ನೀರು ಒಂದಿಷ್ಟು ಶುದ್ಧೀಕರಣವಾಗಿ, ಒಂದಿಷ್ಟು ಆಗದೇ ಈ ನದಿಗಳಿಗೆ ಸೇರುತ್ತೆ. ಶುದ್ಧೀಕರಣ ಘಟಕದಲ್ಲಿ ಹೊಲಸು, ವಾಸನೆ ಕಮ್ಮಿಯಾಗುತ್ತೆ. ನೈಟ್ರೇಟು, ಫಾಸ್ಫೇಟು ಪೂರ್ತಿ ತೆಗೆಯೋದು ಬೇರೆಯೇ ಖರ್ಚಿನ ಕೆಲಸ. ಅದಕ್ಕೇ ಇಲ್ಲಿ ಮುಳಾ, ಪವನಾ ಮೇಲೆ ಜಲಕುಂಬಿ ಹಸಿರು ಚಾಪೆ ಹಾಸುತ್ತೆ. ಮಹಾನಗರಪಾಲಿಕೆಯವರು ಯಂತ್ರ ತಂದು ತೆಗೆಸ್ತಾರೆ, ಮತ್ತೆ ಬರುತ್ತೆ. ಅದಕ್ಕೇ ಉಜನಿಯ ಹಿನ್ನೀರು ಬೇಸಿಗೆಯಲ್ಲಿ ಹಸಿರಾಗುತ್ತೆ. ದಾರಿಯುದ್ದಕ್ಕೂ ಕಬ್ಬಿನ ಗದ್ದೆಗಳ ಗೊಬ್ಬರವೂ ಅದಕ್ಕೆ ಕೂಡುತ್ತೆ. ನನ್ನ ಟ್ಯಾಂಕಿನ ಲೆಕ್ಕವೇ, ಅಳತೆ ಮಾತ್ರ ಬೇರೆ.

ಅಪ್ಪ ಬಹಳ ಹೊತ್ತು ಮ್ಯಾಪ್ ನೋಡಿ ಹೇಳಿದ, "ಬರೇ ನಿಮ್ಮ ಊರಂದು ಅನ್ಲಾಕ ಬರಂಗಿಲ್ಲ. ನಾವೂ ಯೂರಿಯಾ ಒಗಿತೀವಿ. ನಮ್ಮ ಕೆಳಗ ಅಫಜಲಪುರದವ್ರು ಅದಾರ."

ಯುಗಾದಿಗೆ ಊರಿಗೆ ಹೋದಾಗ ಬಾಂದಾರಕ್ಕೆ ಇಬ್ಬರೂ ಹೋದೆವು. ನದಿ ಅಲ್ಲಲ್ಲಿ ಮಡುವಾಗಿ ನಿಂತಿತ್ತು. ಉಜನಿಯಿಂದ ನೀರು ಬಿಟ್ಟಾಗ ಒಮ್ಮೆ ತುಂಬುತ್ತೆ, ಆಮೇಲೆ ಇಳಿಯುತ್ತೆ. ಅಂಚಿನ ನೀರು ದಪ್ಪ ಹಸಿರು. ಕಲ್ಲಿನ ಮೇಲೆ ಉದ್ದ ಕೂದಲಿನ ಹಾವಸೆ. ನಾನು ಸಣ್ಣವನಿದ್ದಾಗ ಇದೇ ಕಲ್ಲಿನ ಮೇಲಿಂದ ಜಿಗಿಯುತ್ತಿದ್ದೆವು, ಬೊಗಸೆಯಲ್ಲಿ ನೀರು ಕುಡಿಯುತ್ತಿದ್ದೆವು. ಈಗ ದನ ಮಾತ್ರ ಕುಡಿಯುತ್ತಿದ್ದವು. ಅಪ್ಪ ಹೊಸ ಕಣ್ಣಿನಿಂದ ನೋಡಿ, "ಇಷ್ಟ್ ಹಸರ ಅದ ಅಂತ ನನಗ ಕಂಡೇ ಇರಲಿಲ್ಲ" ಅಂದ.

ಇಷ್ಟೆಲ್ಲ ಆದ ಮೇಲೆ ಟ್ಯಾಂಕು ಮಾರಿಬಿಟ್ಟೆ ಅಂತ ಬರೆದರೆ ಕಥೆ ಚೆನ್ನಾಗಿರುತ್ತಿತ್ತು. ಮಾರಿಲ್ಲ. ವಾರಕ್ಕೆ 12 ಲೀಟರ್ ನೀರು, ನಾನೂರು ಗ್ರಾಂ ಮೀರಿದ ಉಪ್ಪು, ಕೋಟಿ ಲೀಟರುಗಳ ಚರಂಡಿಯಲ್ಲಿ ಅದು ಲೆಕ್ಕಕ್ಕಿಲ್ಲ. ಆದರೆ ಲೆಕ್ಕಕ್ಕಿಲ್ಲ ಅಂತ ಈ ಊರಿನಲ್ಲಿ ಪ್ರತಿಯೊಬ್ಬನೂ ಹೇಳಬಹುದು. ಹಾಗಾಗಿ ಒಂದು ಹೊಸ ಏರ್ಪಾಡು ಮಾಡಿದೆ. ಟ್ಯಾಂಕಿನ ಹಿಂದೆ ಒಂದು ಸಣ್ಣ ಡಬ್ಬಿ, ಅದಕ್ಕೆ ಬೇರೆ ಲೈಟು, ಅದರಲ್ಲಿ ಬೇಕಂತಲೇ ಹಾವಸೆ ಬೆಳೆಸುತ್ತೇನೆ. ಕೀಟೊಮಾರ್ಫಾ ಅಂತ, ಹಸಿರು ನೈಲಾನ್ ದಾರದ ಉಂಡೆ ಇದ್ದ ಹಾಗೆ ಇರುತ್ತೆ. ನೈಟ್ರೇಟು, ಫಾಸ್ಫೇಟು ಅದೇ ಎಳೆದುಕೊಳ್ಳುತ್ತೆ. ಹದಿನೈದು ದಿನಕ್ಕೊಮ್ಮೆ ಒಂದು ಮುಷ್ಟಿ ಕಿತ್ತು, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಹಸಿ ಕಸದ ಬುಟ್ಟಿಗೆ ಹಾಕುತ್ತೇನೆ. ಕಲ್ಲಿನ ಮೇಲೆ ಕೂದಲು ನಿಂತುಹೋಯಿತು. ನೀರು ಬದಲಿಸೋದು ಎರಡು ವಾರಕ್ಕೊಮ್ಮೆ ಸಾಕಾಗಿದೆ. ಆರನೇ ತಿಂಗಳಿಗೆ ಕಲ್ಲಿನ ಮೇಲೆ ನೇರಳೆ ಬಣ್ಣದ ಗಟ್ಟಿ ಚುಕ್ಕೆಗಳು ಕಂಡವು. ಇದು ಕೊರಲೈನ್ ಅನ್ನೋ ಒಳ್ಳೇ ಜಾತಿಯ ಹಾವಸೆ, ನೀರು ಹದಕ್ಕೆ ಬಂತು ಅನ್ನೋದರ ಗುರುತು.

ಒಣಗಿಸೋದು ಯಾಕೆ ಅಂದರೆ, ಟ್ಯಾಂಕಿನ ಯಾವ ಜೀವವೂ ಜೀವಂತ ಹೊರಗೆ ಹೋಗಬಾರದು. 1984ರಲ್ಲಿ ಮೊನಾಕೋದ ಸಮುದ್ರ ಮ್ಯೂಸಿಯಮ್ಮಿನ ಬುಡದಲ್ಲೇ ಕಾಲೆರ್ಪಾ ಅನ್ನೋ ಅಕ್ವೇರಿಯಮ್ ಪಾಚಿಯ ಒಂದು ಸಣ್ಣ ತುಂಡು ಜಾಗ ಕಂಡಿತು, ಅಲ್ಲಿಂದ ಮೆಡಿಟರೇನಿಯನ್ನಿನ ಸಾವಿರಾರು ಎಕರೆ ತಳಕ್ಕೆ ಹಬ್ಬಿತು. ಅದೇ ಪಾಚಿ 2000ದಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಿಕ್ಕಾಗ ಅವರು ಟಾರ್ಪಾಲಿನ್ ಹೊದಿಸಿ, ಒಳಗೆ ಕ್ಲೋರಿನ್ ಬಿಟ್ಟು, 2006ರ ಹೊತ್ತಿಗೆ ಮುಗಿಸಿದರು. ನಮ್ಮಲ್ಲೂ ಗಾಜು ಸ್ವಚ್ಛ ಮಾಡುತ್ತೆ ಅಂತ ತಂದ ದಕ್ಷಿಣ ಅಮೆರಿಕದ ಸಕ್ಕರ್ ಮೀನನ್ನು, ದೊಡ್ಡದಾಯಿತು ಅಂತ ಕೆರೆಗೆ ಬಿಟ್ಟು ಬಿಟ್ಟು, ಈಗ ಅದು ಬಲೆ ಹಾಕಿದವರ ಕೈಗೆ ಸಿಗ್ತಾ ಇದೆ. ಮೀನು ಬೇಡವಾದರೆ ಅಂಗಡಿಗೆ ವಾಪಸ್ ಕೊಡಿ, ಪುಣ್ಯ ಅಂತ ನದಿಗೆ ಬಿಡಬೇಡಿ.

ಅಪ್ಪನೂ ಊರಿಗೆ ಹೋಗಿ ಸುಮ್ಮನೆ ಕೂತಿಲ್ಲ. ಕೆಳಗಿನ ಹೊಲಕ್ಕೆ ಈ ಸಲ ಕಬ್ಬು ಇಲ್ಲ. ಮುಂಗಾರಿಗೆ ಡಯಾಂಚ ಬಿತ್ತಿ, ಹೂವಿಗೆ ಬರೋ ಹೊತ್ತಿಗೆ ಮಣ್ಣಿಗೆ ಮುಗುಚುತ್ತಾನಂತೆ. ಅದು ಸವಳು ತಾಳಿಕೊಳ್ಳೋ ಹಸಿರೆಲೆ ಗೊಬ್ಬರ. ಜೊತೆಗೆ ಹೊಲದ ಅಂಚಿಗೆ ಬಸಿಗಾಲುವೆ ತೋಡಿಸಬೇಕು, ಮಳೆ ನೀರಿಗೆ ಉಪ್ಪು ಕರಗಿ ಹರಿದು ಹೋಗಲಿ ಅಂತ. ಜೆಸಿಬಿಯವನಿಗೆ ಹೇಳಿಯೂ ಆಗಿತ್ತು. ಮೊನ್ನೆ ರಾತ್ರಿ ಫೋನ್ ಮಾಡಿದ.

"ತಮ್ಮಾ, ಬಸಿಗಾಲುವಿ ನೀರು ಹಳ್ಳಕ್ಕ ಬಿಡಬೇಕು. ಹಳ್ಳ ನದೀಗೆ ಹೋಗ್ತದ. ಉಪ್ಪು ನೀರು ಅದು."

ನಾನು ಸುಮ್ಮನಿದ್ದೆ.

"ಅದೇ ಯೋಚನಿ ಹತ್ತದ" ಅಂದ. "ನೀನೂ ಸ್ವಲ್ಪ ನೋಡು. ಹೊಲದ ಮೂಲಿಗೆ ಒಂದು ಹೊಂಡ ತಗದು ಅಲ್ಲೇ ನಿಂದ್ರಸ್ಲಾಕ ಬರ್ತದೇನು ಅಂತ."

ಇಬ್ಬರೂ ನೋಡ್ತಾ ಇದ್ದೇವೆ. ಮಳೆಗೆ ಇನ್ನೂ ಮೂರು ವಾರ ಇದೆ.